ಹಿಮನದಿ ವರದಿಯ ತಪ್ಪು ಇಸವಿ: ಪರಿಸರ ವಿಜ್ಞಾನವನ್ನು ಸರ್ಕಾರಗಳು ಎಷ್ಟು ನಂಬಬಹುದು?

ಪ್ರಶ್ನೆ: 2035ರೊಳಗೆ ಹಿಮಾಲಯದ ಹಿಮನದಿಗಳು ಕರಗಿಹೋಗುತ್ತವೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ ಹೇಳಿ, ಆಮೇಲೆ ಅದು ತಪ್ಪೆಂದು ಒಪ್ಪಿಕೊಂಡಿತೆಂದು ಓದಿದ್ದೇನೆ. ಇಂಥ ವರದಿಗಳನ್ನು ಆಧರಿಸಿ ಸರ್ಕಾರಗಳು ಕಾನೂನು, ಒಪ್ಪಂದಗಳನ್ನು ಮಾಡುವುದು ಸರಿಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಓದಿದ್ದು ನಿಜ. ಐಪಿಸಿಸಿ ಎಂದು ಕರೆಯುವ ಆ ಸಮಿತಿ ತಾನೇ ಸಂಶೋಧನೆ ನಡೆಸುವುದಿಲ್ಲ. ಪ್ರಕಟವಾದ ಸಂಶೋಧನೆಗಳನ್ನು ಪರಾಮರ್ಶಿಸಿ, ಯಾವುದು ಎಷ್ಟರ ಮಟ್ಟಿಗೆ ಖಚಿತ ಎಂಬುದನ್ನು ಸರ್ಕಾರಗಳಿಗೆ ತಿಳಿಸುವುದು ಅದರ ಕೆಲಸ. ಆದ್ದರಿಂದ ಅದರ ಒಂದೊಂದು ವಾಕ್ಯದ ಯೋಗ್ಯತೆಯೂ ಆ ವಾಕ್ಯಕ್ಕೆ ಆಧಾರವಾದ ಮೂಲದ ಯೋಗ್ಯತೆಯಷ್ಟೇ ಇರುತ್ತದೆ.

2007ರ ವರದಿಯಲ್ಲಿ, ಏಷ್ಯಾ ಕುರಿತ ಹತ್ತನೇ ಅಧ್ಯಾಯದಲ್ಲಿ ಈ ಮಾತು ಬಂದಿತ್ತು. ಅದಕ್ಕೆ ಕೊಟ್ಟಿದ್ದ ಆಧಾರ 2005ರಲ್ಲಿ ಒಂದು ವನ್ಯಜೀವಿ ಸಂಸ್ಥೆ ಹೊರತಂದ ವರದಿ. ಅದರ ಹಿಂದೆ ಇದ್ದದ್ದು 1999ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಸಂದರ್ಶನ ಆಧಾರಿತ ಸುದ್ದಿ. ಸರಪಳಿಯ ಎಲ್ಲಿಯೂ ಅಳತೆಯೇ ಇರಲಿಲ್ಲ. ಅದೇ ಭಾಗದಲ್ಲಿ, ಹಿಮನದಿಗಳ ವಿಸ್ತಾರ 2035ರ ವೇಳೆಗೆ ಐದು ಲಕ್ಷ ಚದರ ಕಿ.ಮೀ.ಯಿಂದ ಒಂದು ಲಕ್ಷಕ್ಕೆ ಕುಗ್ಗುತ್ತದೆ ಎಂದೂ ಬರೆದಿತ್ತು. ಆದರೆ ಅದಕ್ಕೆ ತುಸು ಮೊದಲೇ ಹಿಮಾಲಯದ ಹಿಮನದಿಗಳ ವಿಸ್ತಾರ ಸುಮಾರು 30 ಲಕ್ಷ ಹೆಕ್ಟೇರ್, ಅಂದರೆ 30,000 ಚದರ ಕಿ.ಮೀ. ಎಂದು ಹೇಳಲಾಗಿತ್ತು! ಐದು ಲಕ್ಷ, ಒಂದು ಲಕ್ಷ ಎಂಬ ಅಂಕಿಗಳು ರಷ್ಯಾದ ವಿಜ್ಞಾನಿ ಕೊಟ್ಲ್ಯಾಕೊವ್ ಅವರ 1996ರ ಬರಹವೊಂದರಿಂದ ಬಂದಂಥವು. ಧ್ರುವಗಳನ್ನು ಬಿಟ್ಟು ಇಡೀ ಭೂಮಿಯ ಹಿಮನದಿಗಳ ಬಗ್ಗೆ ಅವರು ಅಲ್ಲಿ ಬರೆದಿದ್ದರು, ಮತ್ತು ಅವರು ಕೊಟ್ಟ ಇಸವಿ 2350.

ಕರಡಿನ ಹಂತದಲ್ಲೇ ಕೆಲವು ವಿಮರ್ಶಕರು ಈ ಭಾಗವನ್ನು ಪ್ರಶ್ನಿಸಿದ್ದರೂ ಅದು ಹಾಗೆಯೇ ಉಳಿದುಕೊಂಡಿತು. ನನ್ನ ದೃಷ್ಟಿಯಲ್ಲಿ ತಪ್ಪು ನುಸುಳಿದ್ದಕ್ಕಿಂತ ಇದು ಗಂಭೀರವಾದ ಲೋಪ. 2009ರಲ್ಲಿ ಭಾರತದ ಪರಿಸರ ಸಚಿವಾಲಯ, ಭೂವಿಜ್ಞಾನಿ ವಿ.ಕೆ. ರೈನಾ ಅವರ ಚರ್ಚಾಪತ್ರವನ್ನು ಪ್ರಕಟಿಸಿ ಬೇರೆಯದೇ ಚಿತ್ರ ಕೊಟ್ಟಾಗ, ಸಮಿತಿಯ ಅಂದಿನ ಅಧ್ಯಕ್ಷ ಆರ್.ಕೆ. ಪಚೌರಿ ಅದನ್ನು ಕಟುವಾಗಿ ತಳ್ಳಿಹಾಕಿದರು. ಅದು ಸಹತಜ್ಞರ ಪರಿಶೀಲನೆಗೆ ಒಳಪಟ್ಟ ಪ್ರಬಂಧವಲ್ಲ ಎಂಬ ಆಕ್ಷೇಪಕ್ಕೆ ಅರ್ಥವಿತ್ತು; ಆದರೆ ಅದೇ ಒರೆಗಲ್ಲಿಗೆ ತಮ್ಮ ವರದಿಯ ಆ ವಾಕ್ಯವನ್ನೂ ಒಡ್ಡಬೇಕಿತ್ತು. ಕೊನೆಗೆ ಮೂಲವನ್ನು ಬೆನ್ನುಹತ್ತಿ ತಪ್ಪನ್ನು ಬಯಲಿಗಿಟ್ಟವರು ಹಿಮನದಿ ವಿಜ್ಞಾನಿಗಳೇ. 2010ರ ಜನವರಿಯಲ್ಲಿ ಸಮಿತಿ ವಿಷಾದ ವ್ಯಕ್ತಪಡಿಸಿತು. ಅದೇ ವರ್ಷ ವಿವಿಧ ದೇಶಗಳ ವಿಜ್ಞಾನ ಅಕಾಡೆಮಿಗಳ ಒಕ್ಕೂಟ ಸಮಿತಿಯ ಕಾರ್ಯವಿಧಾನವನ್ನು ತಪಾಸಣೆ ಮಾಡಿತು. ಅದರ ಶಿಫಾರಸಿನ ನಂತರ ತಪ್ಪುಗಳನ್ನು ತಿದ್ದಲು ನಿಯಮಗಳು ಬಂದವು.

ನೀತಿ ನಿರೂಪಕರಿಗೆಂದೇ ಸರ್ಕಾರಗಳ ಪ್ರತಿನಿಧಿಗಳು ಸಾಲು ಸಾಲಾಗಿ ಪರಿಶೀಲಿಸಿ ಅಂಗೀಕರಿಸುವ ಸಾರಾಂಶದಲ್ಲಿ 2035ರ ಮಾತು ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ಇಸವಿ ತಪ್ಪಾಯಿತೆಂದ ಮಾತ್ರಕ್ಕೆ ಕರಗುವಿಕೆ ಸುಳ್ಳಾಗುವುದಿಲ್ಲ. ಜಾಗತಿಕ ತಾಪಮಾನದ ಏರಿಕೆಯನ್ನು 1.5 ಡಿಗ್ರಿಗೆ ಮಿತಿಗೊಳಿಸಿದರೂ ಹಿಂದೂಕುಷ್–ಹಿಮಾಲಯ ಪ್ರದೇಶದ ಹಿಮನದಿಗಳ ಮೂರನೇ ಒಂದು ಭಾಗದಷ್ಟು ಈ ಶತಮಾನದ ಕೊನೆಗೆ ಇಲ್ಲವಾಗಬಹುದೆಂದು ಪರ್ವತ ಪ್ರದೇಶಗಳ ಅಧ್ಯಯನ ನಡೆಸುವ ಕಠ್ಮಂಡುವಿನ ಐಸಿಮಾಡ್ ಸಂಸ್ಥೆ 2019ರಲ್ಲಿ ಹೇಳಿದ್ದು ನೂರಾರು ಸಂಶೋಧಕರು ಸೇರಿ ಮಾಡಿದ ಪರಾಮರ್ಶೆಯಿಂದ.

ಹಾಗಾದರೆ ಸರ್ಕಾರ ಏನು ಮಾಡಬೇಕು? ಭತ್ತ ಬೆಳೆಯುವ ಜಿಲ್ಲೆಯವರಾದ ನಿಮಗೆ ಇನ್ನೊಂದು ಪ್ರಸಂಗ ಹೆಚ್ಚು ಹತ್ತಿರವೆನಿಸಬಹುದು. 1990ರ ಸುಮಾರಿಗೆ, ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲ ಸುಮಾರು 3.8 ಕೋಟಿ ಟನ್‌ನಷ್ಟು ಹೊರಬರುತ್ತದೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು ಹೇಳುತ್ತಿತ್ತು. ಬೇರೆ ದೇಶಗಳ, ಸದಾ ನೀರು ನಿಂತ ಕೆಲವು ಗದ್ದೆಗಳ ಅಳತೆಯನ್ನು ನಮ್ಮ ಗದ್ದೆಗಳಿಗೂ ಅನ್ವಯಿಸಿದ ಲೆಕ್ಕ ಅದು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರ ನೇತೃತ್ವದಲ್ಲಿ 1991ರಲ್ಲಿ ವಿಜ್ಞಾನಿಗಳು ದೇಶದ ಬೇರೆಬೇರೆ ಭಾಗಗಳ ಗದ್ದೆಗಳಿಗೇ ಇಳಿದರು. ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿಟ್ಟು, ಒಳಗೆ ಸೇರಿದ ಗಾಳಿಯನ್ನು ನಿಗದಿತ ಅವಧಿಗೊಮ್ಮೆ ಸಿರಿಂಜಿನಲ್ಲಿ ಎಳೆದು, ಪ್ರಯೋಗಾಲಯದಲ್ಲಿ ಮೀಥೇನಿನ ಪ್ರಮಾಣ ಅಳೆಯುವ ವಿಧಾನ ಅದು. ಮಳೆಯನ್ನೇ ನಂಬಿದ, ನಡುನಡುವೆ ನೀರು ಬಸಿದು ಒಣಗುವ, ಸಾವಯವ ಇಂಗಾಲ ಕಡಿಮೆಯಿರುವ ಮಣ್ಣಿನ ಗದ್ದೆಗಳಲ್ಲಿ ಮೀಥೇನ್ ಹುಟ್ಟುವುದು ಬಹಳ ಕಡಿಮೆ. ದೇಶದ ಒಟ್ಟು ಲೆಕ್ಕ ಸುಮಾರು 40 ಲಕ್ಷ ಟನ್ನಿಗೆ ಇಳಿಯಿತು.

ಹಳೆಯ ಅಂಕಿಯನ್ನೇ ಒಪ್ಪಿ ಮಾತುಕತೆಯ ಮೇಜಿಗೆ ಹೋಗಿದ್ದರೆ ನಮ್ಮ ರೈತರ ತಲೆಗೆ ಸಲ್ಲದ ಹೊರೆ ಬೀಳುತ್ತಿತ್ತು. ‘ಇದು ಹೊರಗಿನವರ ಹುನ್ನಾರ’ ಎಂದು ಎದ್ದು ಬಂದಿದ್ದರೆ ನಮ್ಮ ಮಾತಿಗೆ ಬೆಲೆಯಿರುತ್ತಿರಲಿಲ್ಲ. ಅಳೆದು ತೋರಿಸಿದ್ದರಿಂದ ವಾದ ನಿಂತಿತು. ಹಾಗೆಂದು ಭಾರತ ಗದ್ದೆಗಳ ಮೀಥೇನನ್ನು ಲೆಕ್ಕದಿಂದ ಕೈಬಿಡಲಿಲ್ಲ: ಹವಾಮಾನ ಒಪ್ಪಂದದಡಿ 2004ರಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಿದ ಮೊದಲ ರಾಷ್ಟ್ರೀಯ ವರದಿಯಲ್ಲಿ, ನಮ್ಮ ನೆಲದಲ್ಲೇ ಅಳೆದು ಪಡೆದ ಪ್ರಮಾಣಗಳನ್ನು ಬಳಸಿ, 1994ನೇ ಸಾಲಿಗೆ ಸುಮಾರು 41 ಲಕ್ಷ ಟನ್ ಎಂದು ದಾಖಲಿಸಿತು.