ಅಪ್ಪ ಎಷ್ಟು ಓದಿದ್ದಾರೆ?

ನಿನ್ನ ಪತ್ರ ಎರಡು ಸಲ ಓದಿದೆ ತಂಗಿ. ಗ್ರೀನ್ ಕಾರ್ಡ್ ಮೇಲೆ ನೀನು ಅಪ್ಪ ಅಮ್ಮನ ಜೊತೆ ನ್ಯೂಜೆರ್ಸಿಗೆ ಬಂದು ಐದು ತಿಂಗಳು. ಕಮ್ಯೂನಿಟಿ ಕಾಲೇಜಿನಲ್ಲಿ ಬಯಾಲಜಿ, ಸಂಜೆ ಅಂಗಡಿ ಕೆಲಸ. "ಡಾಕ್ಟರ್ ಆಗೋದು ಬೇಡಕ್ಕಾ, ರೋಗಗಳ ಮೇಲೆ ರಿಸರ್ಚ್ ಮಾಡಬೇಕು. ನಮ್ಮಂಥವರನ್ನ ಲ್ಯಾಬಿಗೆ ಸೇರಿಸ್ಕೋತಾರಾ? ಮಾಸ್ಟರ್ಸ್ ಮಾಡ್ಲೇಬೇಕಾ? ಈ ಚಳಿ ಹೇಗೆ ತಡ್ಕೊಳ್ಳೋದು?" ಅಂತ ಕೇಳಿದ್ದೀಯ.

ಚಳಿಗೆ ಒಳ್ಳೆಯ ಬೂಟು ತಗೋ. ಕೋಟ್‌ಗೆ ದುಡ್ಡು ಸುರಿದು ಬೂಟಿನಲ್ಲಿ ಉಳಿಸಲು ಹೋಗಬೇಡ. ನಾನು 2003ರ ಜನವರಿಯಲ್ಲಿ ಚಪ್ಪಲಿ ಹಾಕಿಕೊಂಡು ವಿಮಾನ ಇಳಿದವಳು, ಹಾಗಾಗಿ ಹೇಳುತ್ತಿದ್ದೇನೆ.

ಮಾಸ್ಟರ್ಸ್ ಬೇಕಿಲ್ಲ. ನಾಲ್ಕು ವರ್ಷದ ಡಿಗ್ರಿ ಮುಗಿಸಿ ನೇರ ಪಿಎಚ್‌ಡಿ ಸೇರಬಹುದು. ಬಯೋಮೆಡಿಕಲ್ ಕಡೆ ಸಾಮಾನ್ಯವಾಗಿ ಪಿಎಚ್‌ಡಿಗೆ ನಾವು ಫೀಸು ಕಟ್ಟುವುದಿಲ್ಲ, ಅವರೇ ಸ್ಟೈಪೆಂಡ್ ಕೊಡುತ್ತಾರೆ. ಐದಾರು ವರ್ಷ ಹಿಡಿಯುತ್ತದೆ. ಇದನ್ನು ಮನೆಯಲ್ಲಿ ಈಗಲೇ ಹೇಳಿಡು. ಇಲ್ಲದಿದ್ದರೆ "ಇನ್ನೂ ಎಷ್ಟು ವರ್ಷ ಓದ್ತೀಯ" ಅಂತ ಶುರುವಾಗುತ್ತದೆ, ಗೊತ್ತಲ್ಲ.

ಲ್ಯಾಬ್ ಸೇರುವುದಕ್ಕೆ ಪ್ರೊಫೆಸರಿಗೆ ಐದು ಸಾಲಿನ ಇಮೇಲ್ ಸಾಕು. ನಾವು ಊರಲ್ಲಿ ರಜೆ ಅರ್ಜಿ ಬರೆಯುತ್ತಿದ್ದೆವಲ್ಲ, ಕೈಮುಗಿದುಕೊಂಡು, ಹಾಗೆ ಬೇಡ. ಅವರ ಒಂದು ಪೇಪರಿನ ಸಾರಾಂಶ ಓದು. ಅದರಲ್ಲಿ ನಿನಗೆ ಏನು ಕುತೂಹಲ ಅನ್ನಿಸಿತು, ವಾರಕ್ಕೆ ಎಷ್ಟು ಗಂಟೆ ಬರಬಲ್ಲೆ, ಅಷ್ಟು ಬರಿ. ಉತ್ತರ ಬರದಿದ್ದರೆ ವಾರ ಬಿಟ್ಟು ಮತ್ತೆ ಬರಿ. ಅದನ್ನು ಇಲ್ಲಿ ಯಾರೂ ಅಧಿಕಪ್ರಸಂಗ ಅನ್ನುವುದಿಲ್ಲ. ಸಂಬಳ ಇದೆಯಾ ಅಂತಲೂ ಕೇಳು. ಪುಕ್ಕಟೆ ದುಡಿಯುವುದು ಮನೆಯಲ್ಲಿ ದುಡ್ಡಿರುವವರಿಗೆ ಸರಿ. ಬೇಸಿಗೆಗೆ, ವಿಜ್ಞಾನಕ್ಕೆ ಹಣ ಕೊಡುವ ಸರ್ಕಾರಿ ಸಂಸ್ಥೆ ಎನ್‌ಎಸ್‌ಎಫ್ ಹಣದಲ್ಲಿ ನಡೆಯುವ, ಡಿಗ್ರಿ ಮಕ್ಕಳಿಗೆ ರಿಸರ್ಚ್ ಮಾಡಿಸುವ ಆರ್‌ಇಯು ಕಾರ್ಯಕ್ರಮಗಳಿವೆ, ಸುಮಾರು ಹತ್ತು ವಾರ, ಸ್ಟೈಪೆಂಡ್ ಸಮೇತ. ಸಿಟಿಜನ್‌ಗಳಿಗೂ ಗ್ರೀನ್ ಕಾರ್ಡಿನವರಿಗೂ ಅವಕಾಶ. ಅರ್ಜಿ ಚಳಿಗಾಲದಲ್ಲೇ ಹಾಕಬೇಕು, ಬೇಸಿಗೆ ಬರಲಿ ಅಂತ ಕಾಯಬೇಡ.

ಲ್ಯಾಬಿನೊಳಗೆ ಹೋದಮೇಲೆ ಒಂದು ಎಚ್ಚರ. ನಾವು ತಲೆ ಅಲ್ಲಾಡಿಸುತ್ತೇವಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ ಅನ್ನುವ ಅರ್ಥದಲ್ಲಿ, ಅದನ್ನು ಇವರು 'ಅರ್ಥವಾಯಿತು' ಅಂತ ತಿಳಿದುಕೊಳ್ಳುತ್ತಾರೆ. ನಾನು ಹಾಗೆ ತಲೆ ಅಲ್ಲಾಡಿಸಿಯೇ ಮೂರು ವಾರ ಪಿಸಿಆರ್ ಮಾಡಿದೆ, ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪ್ರಯೋಗ ಅದು. ಪ್ರತಿ ಸಲವೂ ಫಲಿತಾಂಶ ನೋಡುವ ಜೆಲ್ ಮೇಲೆ, ಅಳತೆಗೆಂದು ಹಾಕುವ ಲ್ಯಾಡರ್ ಮಾತ್ರ ಕಾಣುತ್ತಿತ್ತು, ಪಕ್ಕದ ಸಾಲುಗಳೆಲ್ಲ ಖಾಲಿ. ನಕಲು ಶುರುವಾಗಲು ಬೇಕಾದ ಪ್ರೈಮರ್‌ಗೆ ಎಷ್ಟು ನೀರು ಬೆರೆಸಿ ತೆಳು ಮಾಡಬೇಕು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಕೇಳಿದ್ದರೆ ಎರಡು ನಿಮಿಷದ ಮಾತು.

ಇನ್ನು "ನಮ್ಮಂಥವರು" ಅಂದೆಯಲ್ಲ, ಅದಕ್ಕೆ ಬರುತ್ತೇನೆ. ಇಲ್ಲಿ ಅಂಡರ್‌ರೆಪ್ರೆಸೆಂಟೆಡ್ ಅನ್ನುವ ಮಾತು ಜಾಸ್ತಿ ಕೇಳುತ್ತೀಯ. ಜನಸಂಖ್ಯೆಗೆ ಹೋಲಿಸಿದರೆ ಸಂಶೋಧನೆಯಲ್ಲಿ ಕಡಿಮೆ ಇರುವವರು ಅಂತ. ಕಪ್ಪು ಜನ, ಹಿಸ್ಪಾನಿಕ್ ಜನ, ಮೂಲನಿವಾಸಿಗಳು. ಇಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಮಾಡಿದ್ದ ಪಟ್ಟಿಯಲ್ಲಿ ಭಾರತೀಯರು ಇರಲಿಲ್ಲ. ನಾವು ಅಲ್ಲಿಗೇ ಓದು ನಿಲ್ಲಿಸಿ "ಇದು ನಮಗಲ್ಲ" ಅಂತ ಎದ್ದುಬಿಡುತ್ತೇವೆ. ಆದರೆ ಅದೇ ಪಟ್ಟಿಯಲ್ಲಿ ಅಂಗವಿಕಲರು ಇದ್ದರು, ಬಡತನದಿಂದ ಬಂದವರು ಇದ್ದರು. ಬಡ ಮಕ್ಕಳ ಕಾಲೇಜು ಓದಿಗೆ ಸರ್ಕಾರ ಕೊಡುವ ಪೆಲ್ ಗ್ರಾಂಟಿಗೆ ಅರ್ಹರಾದವರು, ಅಪ್ಪ ಅಮ್ಮ ಇಬ್ಬರಿಗೂ ಡಿಗ್ರಿ ಇಲ್ಲದವರು, ಇಂಥ ಎರಡು ಅಂಶ ಇದ್ದರೆ ಲೆಕ್ಕಕ್ಕೆ ಬರುತ್ತಿದ್ದರು. ಇಂಥವರಿಗೆ ಡಿಗ್ರಿ ಓದುವಾಗಲೇ ರಿಸರ್ಚ್ ತರಬೇತಿ ಕೊಡುತ್ತಿದ್ದ ಮಾರ್ಕ್‌ನಂಥ ಹಲವು ಯೋಜನೆಗಳಿಗೆ ಎನ್‌ಐಎಚ್ 2025ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಹಳೆಯ ಮಾಹಿತಿ ನಂಬಬೇಡ, ಏನು ಉಳಿದಿದೆ ಅಂತ ಕಾಲೇಜಿನಲ್ಲೇ ವಿಚಾರಿಸು. ಮಾರ್ಕ್ ನಿಂತರೂ ಅರ್ಜಿಗಳಲ್ಲಿ ಅಪ್ಪ ಅಮ್ಮ ಎಷ್ಟು ಓದಿದ್ದಾರೆ ಅನ್ನುವ ಆ ಒಂದು ಪ್ರಶ್ನೆ ನಿನಗೆ ಸಿಕ್ಕೇ ಸಿಗುತ್ತದೆ.

ನನಗೆ ಅದು ಸಿಕ್ಕಿದ್ದು ಮೆಕ್‌ನೇರ್ ಸ್ಕಾಲರ್ಸ್ ಅರ್ಜಿಯಲ್ಲಿ. 1986ರಲ್ಲಿ ಚಾಲೆಂಜರ್ ನೌಕೆಯಲ್ಲಿ ತೀರಿಕೊಂಡ ರೊನಾಲ್ಡ್ ಮೆಕ್‌ನೇರ್ ಹೆಸರಿನ ಯೋಜನೆ, ಡಿಗ್ರಿ ಓದುವ ಮಕ್ಕಳನ್ನು ಪಿಎಚ್‌ಡಿಗೆ ತಯಾರು ಮಾಡುವುದಕ್ಕೆ. ಅದರಲ್ಲಿ ಕನಿಷ್ಠ ಮೂರರಲ್ಲಿ ಎರಡು ಪಾಲು ಸೀಟು ಕಡಿಮೆ ಆದಾಯದ, ಡಿಗ್ರಿ ಇಲ್ಲದ ತಂದೆತಾಯಿಯ ಮಕ್ಕಳಿಗೆ. ನಾನು ಅಡುಗೆಮನೆಯ ಮೇಜಿನ ಮೇಲೆ ಅರ್ಜಿ ಇಟ್ಟುಕೊಂಡು ಕೂತಿದ್ದೆ. ಅಪ್ಪ ಗೋದಾಮಿನಿಂದ ಆಗಷ್ಟೇ ಬಂದು, ಬೆರಳಿಗೆ ಮೆತ್ತಿಕೊಂಡ ಟೇಪಿನ ಅಂಟನ್ನು ಸಿಂಕಿನಲ್ಲಿ ಉಜ್ಜುತ್ತಿದ್ದರು. ಊರಲ್ಲಿ ಅವರು ಸೊಸೈಟಿ ಸೆಕ್ರೆಟರಿ. ಜನ ಎದ್ದು ನಿಂತು ಮಾತಾಡಿಸುತ್ತಿದ್ದರು. ಓದಿದ್ದು ಪಿಯುಸಿ, ಅದೂ ಪಾಸಾಗಿರಲಿಲ್ಲ.

ತಂದೆಯ ವಿದ್ಯಾಭ್ಯಾಸ ಅನ್ನುವ ಕಡೆ ಪೆನ್ನು ನಿಂತಿತು. ಆಮೇಲೆ ಬ್ಯಾಚುಲರ್ಸ್ ಡಿಗ್ರಿ ಅನ್ನುವ ಚೌಕಕ್ಕೆ ಗುರುತು ಹಾಕಿದೆ. ಮರ್ಯಾದೆ, ಅಲ್ವಾ.

ಸೀಟು ಸಿಗಲಿಲ್ಲ. ಆಫೀಸಿನ ಹೆಂಗಸು ಪಾಪ ಕರೆದು ಕೂರಿಸಿ ಹೇಳಿದರು: ಅಂಕ ಚೆನ್ನಾಗಿದೆ, ಆದಾಯವೂ ಕಡಿಮೆಯೇ, ಆದರೆ ನಿಮ್ಮ ತಂದೆಗೆ ಡಿಗ್ರಿ ಇದೆಯಲ್ಲ. ಅಲ್ಲೇ ಬಾಯಿ ಬಿಡಬಹುದಿತ್ತು. ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ಅದು ಬರಿ ದುಡ್ಡಿನ ವಿಷಯ ಆಗಿರಲಿಲ್ಲ. ಬೇಸಿಗೆಯ ರಿಸರ್ಚ್, ನನ್ನನ್ನು ಹತ್ತಿರದಿಂದ ಬಲ್ಲ ಪ್ರೊಫೆಸರ್‌ಗಳು, ಎಲ್ಲ ಅದರ ಜೊತೆ ಹೋಯಿತು. ಪಿಎಚ್‌ಡಿ ಅರ್ಜಿಗೆ ಮೂರು ಶಿಫಾರಸು ಪತ್ರ ಬೇಕಿತ್ತು. ನನ್ನ ಬಗ್ಗೆ ನಾಲ್ಕು ಮಾತು ಬರೆಯಬಲ್ಲವರು ಒಬ್ಬರೇ ಇದ್ದರು. ಅರ್ಜಿಯನ್ನೇ ಹಾಕಲಿಲ್ಲ. ಈಗ ನಾನು ಲ್ಯಾಬ್ ಮ್ಯಾನೇಜರ್. ಒಳ್ಳೆಯ ಕೆಲಸವೇ. ನಾನು ಪಿಪೆಟ್ ಹಿಡಿಯಲು ಕಲಿಸಿದ ಹುಡುಗರು ಡಾಕ್ಟರೇಟ್ ತಗೊಂಡು ಸಿಹಿ ಹಂಚುತ್ತಾರೆ, ತಿನ್ನುತ್ತೇನೆ.

ಅವತ್ತು ರಾತ್ರಿ ಅಪ್ಪ "ಏನಾಯ್ತು ಮಗಾ?" ಅಂದರು. "ಅವರಿಗೆ ನಮ್ಮಂಥವರು ಬೇಡವಂತೆ" ಅಂದೆ. ಅಪ್ಪ ಅದನ್ನು ಇವತ್ತಿಗೂ ನಂಬಿದ್ದಾರೆ. ಹೋದ ಯುಗಾದಿಗೂ ಮನೆಗೆ ಬಂದವರ ಮುಂದೆ ಅದೇ ಕಥೆ, "ನಮ್ಮ ಹುಡುಗಿಗೆ ಅನ್ಯಾಯ ಮಾಡಿದರು" ಅಂತ. ನಾನು ಒಬ್ಬಟ್ಟು ಬಡಿಸುತ್ತಾ ಸುಮ್ನಿದ್ದೆ.

ನಿನ್ನ ಪತ್ರದಲ್ಲಿ "ಅಪ್ಪ ಊರಲ್ಲಿ ಆಫೀಸಿನಲ್ಲಿದ್ದರು" ಅಂತ ಬರೆದಿದ್ದೀಯ. ಎಲ್ಲಿವರೆಗೆ ಓದಿದ್ದಾರೆ ಅಂತ ಬರೆದಿಲ್ಲ. ನನಗೆ ಹೇಳಬೇಕಿಲ್ಲ. ಅರ್ಜಿಯಲ್ಲಿ ಮಾತ್ರ ಇದ್ದದ್ದು ಇದ್ದಹಾಗೆ ಬರಿ. ಪ್ರೊಫೆಸರಿಗೆ ಕಳಿಸುವ ಇಮೇಲನ್ನು ಮೊದಲು ನನಗೊಮ್ಮೆ ತೋರಿಸು. ಶನಿವಾರ ಮಧ್ಯಾಹ್ನ ಆದರೆ ನನಗೆ ಬಿಡುವಿರುತ್ತದೆ.