ನೇತ್ರಾವತಿ ನೀರಿನ ರಿಪೋರ್ಟ್ ಒಂದೊಂದು ಸಲ ಒಂದೊಂದು ಥರ ಯಾಕೆ ಬರುತ್ತೆ, ನಾವೇ ಟೆಸ್ಟ್ ಮಾಡಬಹುದಾ?

ನೀವು ಕೇಳಿರೋದು ಎರಡು ವಿಷಯ. ನೇತ್ರಾವತಿ ಚೆನ್ನಾಗಿದೆ ಅಂತ ಒಂದು ರಿಪೋರ್ಟು, ಕೆಟ್ಟೋಗಿದೆ ಅಂತ ಇನ್ನೊಂದು ರಿಪೋರ್ಟು ಬರುತ್ತಲ್ಲ ಯಾವುದನ್ನ ನಂಬೋದು ಅಂತ, ಆಮೇಲೆ ಮಂಗಳೂರಿನ ನಿಮ್ಮ ಕಾಲೇಜು ಹುಡುಗ್ರು ಸೇರ್ಕೊಂಡು ಅಳಿವೆ (ನದಿ ಸಮುದ್ರ ಸೇರೋ ಜಾಗ) ಹತ್ರ ನೀವೇ ನೀರು ಟೆಸ್ಟ್ ಮಾಡಬಹುದಾ ಅಂತ. ನಾನಿರೋದು ಸಕಲೇಶಪುರದ ಕಡೆ, ಹಾಸನದಲ್ಲಿ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ನೋಡ್ಕೊಳ್ಳೋ ಕೆಲಸ. ಘಟ್ಟದ ಮೇಲಿನವನಿಗೆ ಅಳಿವೆ ಉಸಾಬರಿ ಯಾಕೆ ಅನ್ನಬೇಡಿ, ನಿಮ್ಮ ಊರಿನ ನೀರು ಶುರುವಾಗೋದೇ ನಮ್ಮ ಕಡೆಯಿಂದ.

ಎರಡೂ ರಿಪೋರ್ಟ್ ನಿಜ ಇರಬಹುದು ಮಾರಾಯ್ರೆ. ಸ್ಯಾಂಪಲ್ಲನ್ನ ಎಲ್ಲಿ ತೆಗೆದ್ರು, ಯಾವ ತಿಂಗಳು, ಎಷ್ಟು ಗಂಟೆಗೆ, ಅಳಿವೆ ಆದ್ರೆ ಉಬ್ಬರ ಇತ್ತಾ ಇಳಿತ ಇತ್ತಾ, ಇಷ್ಟು ಬರೆದಿಲ್ಲ ಅಂದ್ರೆ ನಾನಂತೂ ಆ ರಿಪೋರ್ಟನ್ನ ಮುಂದಕ್ಕೆ ಓದೋದೇ ಇಲ್ಲ. ಖಾಲಿ ಹೊಟ್ಟೇಲಿ ಕೊಟ್ಟ ಶುಗರ್ ರಿಪೋರ್ಟನ್ನೂ ಊಟ ಆದ್ಮೇಲೆ ಕೊಟ್ಟಿದ್ದನ್ನೂ ಪಕ್ಕ ಪಕ್ಕ ಇಟ್ಕೊಂಡು ಜಗಳ ಆಡಿದ ಹಾಗೆ ಆಗುತ್ತೆ ಇದು.

ನೀರಲ್ಲಿ ಕರಗಿರೋ ಆಕ್ಸಿಜನ್, ಅಂದ್ರೆ ಡಿಓ, ಅದನ್ನೇ ತಗೊಳ್ಳಿ. 20 ಡಿಗ್ರಿ ಇರೋ ಸಿಹಿನೀರಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುತ್ತೆ, 30 ಡಿಗ್ರಿಗೆ ಬಂದ್ರೆ ಏಳೂವರೆ, ಅದೇ 30 ಡಿಗ್ರಿ ಸಮುದ್ರದ ನೀರು ಆದ್ರೆ ಆರರ ಮೇಲೆ ಸ್ವಲ್ಪ, ಅಷ್ಟೇ. ಅಂದ್ರೆ 6 ಅನ್ನೋ ನಂಬರು ಉಳ್ಳಾಲದ ಹತ್ರ ಏಪ್ರಿಲ್‌ನಲ್ಲಿ ಬಂದ್ರೆ ಪರವಾಗಿಲ್ಲ, ಚಾರ್ಮಾಡಿ ಘಾಟಿಯ ತಣ್ಣನೆ ಹಳ್ಳದಲ್ಲಿ ಡಿಸೆಂಬರ್‌ನಲ್ಲಿ ಬಂದ್ರೆ ಏನೋ ಎಡವಟ್ಟಾಗಿದೆ ಅಂತ ಅರ್ಥ. ಇದರ ಮೇಲೆ ಟೈಮ್ ಬೇರೆ. ಪಾಚಿ ಹಗಲು ಆಕ್ಸಿಜನ್ ಬಿಡುತ್ತೆ, ರಾತ್ರಿ ತಾನೇ ಎಳ್ಕೊಳ್ಳುತ್ತೆ, ಹಾಗಾಗಿ ಪಾಚಿ ಜಾಸ್ತಿ ಇರೋ ನೀರು ಮಧ್ಯಾಹ್ನ ಮೂರಕ್ಕೆ ಭಾರಿ ಚೆನ್ನಾಗಿ ಕಾಣುತ್ತೆ, ಬೆಳಗಿನ ಜಾವ ಅದೇ ಜಾಗದಲ್ಲಿ ಮೀನು ಬಾಯಿ ಮೇಲೆ ಮಾಡ್ಕೊಂಡು ಒದ್ದಾಡ್ತಿರುತ್ತೆ. ಸ್ಯಾಂಪಲ್ ತೆಗೆಯೋರು ಬರೋದು ಆಫೀಸ್ ಟೈಮಲ್ಲಿ, ಬೆಳಗಿನ ಜಾವ ಯಾರು ಬರ್ತಾರೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನ ಎ ಯಿಂದ ಇ ವರೆಗೆ ಕ್ಲಾಸ್ ಮಾಡಿದೆ, ಪೇಪರಲ್ಲಿ ಬರೋದು ಇದೇ. ಬಿ ಅಂದ್ರೆ ಸ್ನಾನಕ್ಕೆ ಆಗುತ್ತೆ, ಅದಕ್ಕೆ ಡಿಓ 5 ಅಥವಾ ಜಾಸ್ತಿ ಇರಬೇಕು, ಬಿಓಡಿ (ನೀರಲ್ಲಿರೋ ಕೊಳೆಯನ್ನ ತಿನ್ನೋಕೆ ಸೂಕ್ಷ್ಮಜೀವಿಗಳು ಎಳ್ಕೊಳ್ಳೋ ಆಕ್ಸಿಜನ್) 3 ಅಥವಾ ಕಮ್ಮಿ, ಚರಂಡಿ ಕೊಳೆ ಸೇರಿರೋದರ ಗುರುತಾದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ಎಂಎಲ್‌ಗೆ 500 ದಾಟಬಾರದು. ಸಿ ಅಂದ್ರೆ ಪೂರ್ತಿ ಶುದ್ಧೀಕರಣ ಮಾಡಿ ಕುಡಿಯೋಕೆ ಕೊಡಬಹುದು, ಅಲ್ಲಿ ಕೋಲಿಫಾರ್ಮ್ 5000 ವರೆಗೆ ಬಿಟ್ಟಿದ್ದಾರೆ. ಅಂದ್ರೆ ಸಿ ಕ್ಲಾಸ್ ಬಂತು ಅಂದ ತಕ್ಷಣ ವಿಷ ಅಂತಲ್ಲ, ಬಿ ಬಂತು ಅಂದ್ರೆ ಬೊಗಸೇಲಿ ಎತ್ತಿ ಕುಡೀರಿ ಅಂತಲೂ ಅಲ್ಲ. ಇದೆಲ್ಲ ಸಿಹಿನೀರಿನ ಲೆಕ್ಕ ಅನ್ನೋದು ಗೊತ್ತಿರಲಿ, ಅಳಿವೆಗೆ ಇದನ್ನ ಹಾಗೇ ಹಚ್ಚೋಕೆ ಬರಲ್ಲ.

ಈಗ ನಮ್ಮ ಕಡೆಗೆ ಬರ್ತೀನಿ. ಸಕಲೇಶಪುರ ಪೇಟೆ ಇರೋದು ಹೇಮಾವತಿ ದಡದಲ್ಲಿ, ಆ ನೀರು ಗೊರೂರು ಡ್ಯಾಮಿಗೆ ಹೋಗಿ ಕಾವೇರಿ ಸೇರಿ ಬಂಗಾಳ ಕೊಲ್ಲಿ ಕಡೆ ಹೋಗುತ್ತೆ. ಅದೇ ತಾಲೂಕಿನ ಆ ಬದಿ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ ಇವೆಲ್ಲ ಘಟ್ಟ ಇಳಿದು ಕುಮಾರಧಾರಾ ಸೇರಿ ಉಪ್ಪಿನಂಗಡೀಲಿ ನೇತ್ರಾವತಿಗೆ ಬೀಳ್ತವೆ. ಚಿಕ್ಕಮಗಳೂರು ಕಡೆ ನೋಡಿದ್ರೂ ಹಾಗೇ, ಕುದುರೆಮುಖದ ಗಂಗಾಮೂಲದಿಂದ ತುಂಗಾ ಭದ್ರಾ ಒಂದು ದಿಕ್ಕು, ನೇತ್ರಾವತಿ ಇನ್ನೊಂದು ದಿಕ್ಕು.

ನಮ್ಮಲ್ಲಿ ನದಿಗೆ ಕಷ್ಟದ ಕಾಲ ಅಂದ್ರೆ ಬೇಸಿಗೆ ಅನ್ಕೊಂಡಿರ್ತಾರೆ ಹೊರಗಿನೋರು, ಅಲ್ಲ, ಕಾಫಿ ಕೊಯ್ಲು. ನವೆಂಬರ್‌ನಿಂದ ಅರೇಬಿಕಾ ಹಣ್ಣು ಶುರು, ಅಷ್ಟೊತ್ತಿಗೆ ಮಳೆ ನಿಂತು ಹಳ್ಳ ಸಣ್ಣ ಆಗಿರುತ್ತೆ. ಹಣ್ಣು ಕಿತ್ತ ದಿನಾನೇ ಪಲ್ಪ್ ಮಾಡಬೇಕು, ಅಂದ್ರೆ ನೀರು ಹಾಕಿ ಮೆಷಿನಲ್ಲಿ ಸಿಪ್ಪೆ ಬಿಡಿಸಬೇಕು, ಸಂಜೆ ಹಣ್ಣು ಅಳೆದು ಆಳುಗಳ ಲೆಕ್ಕ ಮುಗಿಸಿ ಆಮೇಲೆ ಪಲ್ಪರ್ ಆನ್ ಆಗೋದು. ಆ ನೀರಲ್ಲಿ ಸಕ್ಕರೆ ಅಂಶ, ಲೋಳೆ ಎಲ್ಲ ಇದ್ದು ಹುಳಿ ಬಂದು ಪಿಎಚ್ 4ರ ಹತ್ರ ಇಳಿಯುತ್ತೆ, ಬಿಓಡಿ ಸಾವಿರಗಟ್ಟಲೆ ಇರುತ್ತೆ. ನೆನಪಿರಲಿ, ಸ್ನಾನದ ನೀರಿಗೆ ಮೇಲೆ ಹೇಳಿದ ಮಿತಿ 3. ಸರಿಯಾಗಿ ಮಾಡೋ ತೋಟದವರು ತೊಟ್ಟಿ ಕಟ್ಟಿ ಸುಣ್ಣ ಹಾಕಿ ಹುಳಿ ತೆಗೆದು ಹೊಂಡದಲ್ಲಿ ನಿಲ್ಲಿಸ್ತಾರೆ, ಹಳ್ಳಕ್ಕೆ ಬಿಡಲ್ಲ. ಬಿಡೋರು ಬಿಡೋದು ರಾತ್ರಿ. ತಿಂಗಳಿಗೊಂದು ಸಲ ಬೆಳಿಗ್ಗೆ ಹನ್ನೊಂದು ಗಂಟೆಗೆ ಸೇತುವೆ ಮೇಲಿಂದ ಬಕೆಟ್ ಇಳಿಸಿ ತೆಗೆದ ಸ್ಯಾಂಪಲ್ಲಲ್ಲಿ ಅದು ಎಲ್ಲಿ ಸಿಗುತ್ತೆ ಹೇಳಿ?

ಇನ್ನು ಅದು ಮಂಗಳೂರಿನ ತನಕ ಬರುತ್ತಾ ಅಂದ್ರೆ, ಹಾಗೇ ಬರಲ್ಲ. ಘಟ್ಟದ ಬಂಡೆ ಮೇಲೆ ನೀರು ಬಿದ್ದು ಎದ್ದು ಗಾಳಿ ಎಳ್ಕೊಂಡು ಸುಧಾರಿಸ್ಕೊಳ್ಳುತ್ತೆ, ಬೇರೆ ಹೊಳೆ ನೀರೂ ಸೇರುತ್ತೆ. ಅಳಿವೇಲಿ ನಿಮಗೆ ಕಾಣೋದು ಜಾಸ್ತಿ ನಿಮ್ಮೂರಿನ ಚರಂಡಿ ನೀರೇ. ಅದಕ್ಕೇ ಅಳಿವೆ ಒಂದನ್ನೇ ಅಳೆದು ಇಡೀ ನದಿ ಹೀಗಿದೆ ಅನ್ನೋಕಾಗಲ್ಲ ಅನ್ನೋದು ನಾನು. ಹೂಳಿನ ವಿಷಯದಲ್ಲೂ ಅಷ್ಟೇ, ವರ್ಷದ ಹೂಳಿನಲ್ಲಿ ಬಹುಪಾಲು ಜುಲೈ ಆಗಸ್ಟಿನ ಕೆಲವೇ ದಿನದ ಜಡಿಮಳೇಲಿ ಕೊಚ್ಚಿ ಹೋಗಿಬಿಡುತ್ತೆ, ಆ ದಿನ ಬಾಟ್ಲಿ ಹಿಡಿದು ನಿಂತೋನಿಗೆ ಮಾತ್ರ ಅದು ಸಿಗೋದು. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿ ನಿಲ್ತಲ್ಲ, ಆ ಜಗಳದಲ್ಲೂ ಭದ್ರಾಕ್ಕೆ ಮಳೆಗಾಲದಲ್ಲಿ ಹೋಗೋ ಹೂಳಿನದ್ದೇ ದೊಡ್ಡ ಮಾತಾಗಿತ್ತು.

ನಿಮ್ಮ ಅಳಿವೇಲಿ ಇನ್ನೊಂದು ತಾಪತ್ರಯ ಇದೆ. ನೇತ್ರಾವತಿ, ಗುರುಪುರ ಎರಡೂ ಹೊಳೆ ಒಂದೇ ಬಾಗಿಲಲ್ಲಿ ಸಮುದ್ರ ಸೇರೋದು, ಯಾವ ಕೊಳೆ ಯಾವ ಹೊಳೆದು ಅಂತ ಬಾಗಿಲಲ್ಲಿ ನಿಂತು ಹೇಳೋಕಾಗಲ್ಲ, ಎರಡರಲ್ಲೂ ಸ್ವಲ್ಪ ಒಳಗೆ ಹೋಗಿ ಬೇರೆ ಬೇರೆ ತೆಗೀಬೇಕು. ಸಿಹಿನೀರು ಹಗುರ, ಮೇಲೆ ಹರಿಯುತ್ತೆ, ಉಪ್ಪುನೀರು ಕೆಳಗಿಂದ ಒಳಗೆ ನುಗ್ಗುತ್ತೆ, ಹಾಗಾಗಿ ಮೇಲಿಂದ ಒಂದು ಬಾಟ್ಲಿ, ತಳದ ಹತ್ರದಿಂದ ಒಂದು ಬಾಟ್ಲಿ ಬೇಕೇ ಬೇಕು. ಬೇಸಿಗೇಲಿ ಮೇಲಿನ ಹರಿವು ಕಮ್ಮಿ ಆಗಿ ತುಂಬೆ ಕಿಂಡಿ ಅಣೆಕಟ್ಟಿನಿಂದ ಕೆಳಗೆ ನೀರೇ ಬರದಿದ್ದಾಗ ಉಪ್ಪು ಎಲ್ಲಿ ತನಕ ಹತ್ತಿದೆ ಅನ್ನೋದೇ ಅಳಿವೆಯ ಮುಖ್ಯ ಟೆಸ್ಟು. 2019ರ ಮೇನಲ್ಲಿ ನೇತ್ರಾವತಿ ಬತ್ತಿ ಧರ್ಮಸ್ಥಳಕ್ಕೆ ಬರೋದನ್ನ ಸ್ವಲ್ಪ ಮುಂದಕ್ಕೆ ಹಾಕಿ ಅಂತ ವೀರೇಂದ್ರ ಹೆಗ್ಗಡೆಯವರೇ ಭಕ್ತರನ್ನ ಕೇಳ್ಕೊಂಡಿದ್ರು, ಅಂಥ ವರ್ಷದ ನಂಬರನ್ನ ಒಳ್ಳೆ ಮಳೆ ವರ್ಷದ ಜೊತೆ ಹೋಲಿಸೋ ಮುಂಚೆ ಹರಿವು ಎಷ್ಟಿತ್ತು ನೋಡಬೇಕು. ಎತ್ತಿನಹೊಳೆ ಯೋಜನೆ, ಅದೇ ಘಟ್ಟದ ಹೊಳೆ ನೀರನ್ನ ಬಯಲುಸೀಮೆಗೆ ತಿರುಗಿಸೋ 24.01 ಟಿಎಂಸಿದು, ಅದರಿಂದ ಕೆಳಗೆ ಏನಾಗುತ್ತೆ ಅಂತ ವಾದ ಮಾಡೋರು ಎರಡು ಕಡೆಯೋರೂ ಈ ಉಪ್ಪಿನ ಅಳತೆ ಇಟ್ಕೊಂಡು ಮಾತಾಡಿದ್ರೆ ಚೆನ್ನಾಗಿತ್ತು ಅನ್ಸುತ್ತೆ ನನಗೆ.

ನೀವೇ ಮಾಡಬಹುದಾ? ಮಾಡಿ, ಆದ್ರೆ ಆನ್‌ಲೈನಲ್ಲಿ ಸಿಗೋ ಪೆನ್ನಿನ ಥರದ ಟಿಡಿಎಸ್ ಮೀಟರ್ ಒಂದನ್ನೇ ನಂಬ್ಕೊಂಡು ಹೋಗಬೇಡಿ. ಅದಕ್ಕೆ ಕರಗಿರೋ ಉಪ್ಪು ಮಾತ್ರ ಗೊತ್ತಾಗೋದು, ಕಕ್ಕಸಿನ ನೀರಿನ ಬ್ಯಾಕ್ಟೀರಿಯಾನೂ ಕಾಣಲ್ಲ, ಕೀಟನಾಶಕನೂ ಕಾಣಲ್ಲ, ಉಬ್ಬರದ ಟೈಮಲ್ಲಿ ಅಳಿವೇಲಿ ಅದ್ದಿದ್ರೆ ಅದರ ರೇಂಜೇ ಮುಗಿದು ಎರರ್ ತೋರಿಸುತ್ತೆ. ಅದರ ಬದಲು ಸಾಲಿನಿಟಿ ನೋಡೋ ರಿಫ್ರಾಕ್ಟೋಮೀಟರ್, ಥರ್ಮಾಮೀಟರ್, ಕಪ್ಪು ಬಿಳುಪು ಬಳಿದ 20 ಸೆಂ.ಮೀ. ತಟ್ಟೆ ಒಂದು ಹಗ್ಗಕ್ಕೆ ಕಟ್ಟಿದ್ದು (ಎಷ್ಟು ಆಳದಲ್ಲಿ ಮಾಯ ಆಗುತ್ತೆ ಅಂತ ಅಳೆಯೋಕೆ), ಮತ್ತೆ ಡಿಓಗೆ ವಿಂಕ್ಲರ್ ಟೆಸ್ಟು. ವಿಂಕ್ಲರ್ ನಿಮ್ಮ ಕಾಲೇಜು ಲ್ಯಾಬಲ್ಲೇ ಆಗುತ್ತೆ, ಮ್ಯಾಂಗನೀಸ್ ಸಲ್ಫೇಟೂ ಅಲ್ಕಲೈ ಅಯೊಡೈಡೂ ಬಾಟ್ಲಿಗೆ ಅಲ್ಲೇ ದಡದಲ್ಲೇ ಹಾಕಬೇಕು, ಗಾಳಿಗುಳ್ಳೆ ಒಂದೂ ಇರಬಾರದು, ಕಂದು ಬಣ್ಣದ ಗಸಿ ಕೂತ್ರೆ ಆಕ್ಸಿಜನ್ ಇದೆ, ಬೆಳ್ಳಗೇ ಉಳಿದ್ರೆ ನೀರು ಸತ್ತಿದೆ. ಹುಡುಗ್ರಿಗೆ ಇದು ಭಾರಿ ಇಷ್ಟ ಆಗುತ್ತೆ, ಟೈಟ್ರೇಷನ್ ಮಾಡೋ ಮುಂಚೆನೇ ಕಣ್ಣಿಗೆ ಉತ್ತರ ಕಾಣುತ್ತಲ್ಲ.

ಮೇಲಿನ ಹಳ್ಳಗಳಲ್ಲಿ ನೋಡೋದಾದ್ರೆ ಕಲ್ಲು ಮಗುಚಿ. ಮೇಫ್ಲೈ, ಸ್ಟೋನ್‌ಫ್ಲೈ ಅನ್ನೋ ಕೀಟಗಳ ಮರಿಗಳು ಕಲ್ಲಿಗೆ ಅಂಟ್ಕೊಂಡು ಇದ್ರೆ ಕಳೆದ ಕೆಲವು ವಾರ ನೀರು ಚೆನ್ನಾಗಿತ್ತು ಅಂತ, ಅವು ಇಲ್ದೆ ಬರೀ ಕೆಂಪು ಹುಳ ಸಿಕ್ತು ಅಂದ್ರೆ ಆಕ್ಸಿಜನ್ ಕಮ್ಮಿ ಆಗಿದೆ, ಆ ಹುಳಕ್ಕೆ ರಕ್ತದಲ್ಲಿ ಹಿಮೋಗ್ಲೋಬಿನ್ ಇರೋದ್ರಿಂದ ಅದು ಹೇಗೋ ಬದುಕುತ್ತೆ. ರಾತ್ರಿ ಬಿಟ್ಟ ಪಲ್ಪರ್ ನೀರು ಬೆಳಿಗ್ಗೆ ಬಾಟ್ಲಿಗೆ ಸಿಗದಿದ್ರೂ ಹುಳಗಳಲ್ಲಿ ಸಿಗುತ್ತೆ.

ಕೋಲಿಫಾರ್ಮ್ ಮಾತ್ರ ನೀವು ಮಾಡೋಕೆ ಹೋಗಬೇಡಿ, ಸ್ಟೆರೈಲ್ ಬಾಟ್ಲೀಲಿ ತೆಗೆದು ಐಸ್ ಬಾಕ್ಸಲ್ಲಿಟ್ಟು ಅವತ್ತೇ ಮಾನ್ಯತೆ ಇರೋ ಲ್ಯಾಬಿಗೆ ಕೊಡಿ. ಬಿಓಡಿನೂ ಇನ್‌ಕ್ಯುಬೇಟರ್ ಇಲ್ದಿದ್ರೆ ಅಲ್ಲೇ ಕೊಡಿ, 27 ಡಿಗ್ರೀಲಿ ಮೂರು ದಿನ ಇಡಬೇಕು. ಜಾಗ ಜಾಸ್ತಿ ಆರಿಸ್ಕೊಂಡು ಆರು ತಿಂಗಳಿಗೆ ಸುಸ್ತಾಗೋ ಬದಲು ತುಂಬೆ ಕೆಳಗೆ ಒಂದು, ಅಳಿವೆ ಒಳಗೆ ಎರಡು ಸಾಕು, ಪ್ರತಿ ಸಲ ಇಳಿತದ ಅದೇ ಹೊತ್ತಿಗೆ ಹೋಗಿ. ಮಳೆಗಾಲದಲ್ಲಿ ಮೀನುಗಾರರು ಬೇಡ ಅಂದ ದಿನ ದೋಣಿ ಇಳಿಸಬೇಡಿ.