ಮೆನುವಿನ ಎಲ್ಲಾ ಭಾಗದಿಂದಲೂ ಆರ್ಡರ್ ಮಾಡಬೇಕಾಗಿಲ್ಲ

ಮನೆ ಹತ್ತಿರದ ಚಿಕ್ಕ ಇಟಾಲಿಯನ್ ರೆಸ್ಟೋರೆಂಟಿಗೆ ಇಬ್ಬರು ಹೋಗ್ತಿದ್ದೀವಿ, ಆಂಟಿಪಾಸ್ತಿ (ಶುರುವಿನ ತಿಂಡಿ), ಪ್ರಿಮಿ (ಪಾಸ್ತಾದಂಥ ಮೊದಲ ಸುತ್ತು), ಸೆಕೊಂಡಿ (ಅದರ ನಂತರದ ಎರಡನೇ ಸುತ್ತು) ಎಲ್ಲವನ್ನೂ ತಗೋಬೇಕಾ, ನಾವು ಸಸ್ಯಾಹಾರಿಗಳು ಅಂತ ಕೇಳಿದ್ದೀರಿ. ಖಂಡಿತ ಬೇಕಿಲ್ಲ. ಶುರುವಿಗೆ ಒಂದು ತಟ್ಟೆ ಹಂಚಿಕೊಳ್ಳಿ, ಆಮೇಲೆ ಪ್ರಿಮಿಯಲ್ಲಿ ಒಂದೊಂದು ಪಾಸ್ತಾ. ಹೊಟ್ಟೆ ತುಂಬುತ್ತದೆ. ಸೆಕೊಂಡಿಯಲ್ಲಿ ಹೆಚ್ಚಾಗಿ ಮಾಂಸ, ಮೀನೇ ಇರುತ್ತದೆ, ಬಿಟ್ಟುಬಿಡಿ.

ನಾನಾದರೆ ಮೊದಲ ಸಲ ಸ್ಪಗೆಟಿ ಆಲ್ಯೊ ಎ ಒಲ್ಯೊ ಕೇಳುತ್ತೇನೆ. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಒಣಮೆಣಸಿನಕಾಯಿ, ಅಷ್ಟೇ. ತಪ್ಪು ಮುಚ್ಚಿಡಲು ಸಾಸ್ ಇಲ್ಲದ ಕಾರಣ ಅಡುಗೆಯವರ ಕೈ ಎಂಥದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಬೆಳ್ಳುಳ್ಳಿ ತಿಳಿ ಹೊಂಬಣ್ಣಕ್ಕೆ ಬಂದಿರಬೇಕು. ಕಪ್ಪಾದರೆ ಇಡೀ ತಟ್ಟೆ ಕಹಿ. ಪಾಸ್ತಾ ಬೇಯಿಸಿದ ನೀರನ್ನು ಎಣ್ಣೆಗೆ ಸರಿಯಾಗಿ ಬೆರೆಸಿದ್ದರೆ ಅದು ಎಳೆಎಳೆಗೂ ಅಂಟಿರುತ್ತದೆ, ತಟ್ಟೆಯ ತಳದಲ್ಲಿ ಎಣ್ಣೆ ನಿಲ್ಲುವುದಿಲ್ಲ. ಕಚ್ಚಿದಾಗ ನಡುವೆ ಸ್ವಲ್ಪ ಗಟ್ಟಿ ಸಿಕ್ಕರೆ ಬೆಂದಿಲ್ಲ ಅಂದುಕೋಬೇಡಿ, ಅದು ಹಾಗೇ ಇರಬೇಕು.

ಚೀಸ್ ಬಗ್ಗೆ ಮಾತ್ರ ಎಚ್ಚರ. ಪಾಸ್ತಾ ಮೇಲೆ ಉದುರಿಸುವ ಪಾರ್ಮಿಜಾನೊ ರೆಜ್ಜಾನೊ ಚೀಸ್ ಮಾಡುವಾಗ ಹಾಲು ಗಟ್ಟಿಯಾಗಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಅದು ಬೇಡ ಅಂದರೆ, ಮೇಲೆ ಚೀಸ್ ಉದುರಿಸಬೇಡಿ ಅಂತ ಆರ್ಡರ್ ಮಾಡುವಾಗಲೇ ಹೇಳಿ. ಮೊಟ್ಟೆಯೂ ತಿನ್ನಲ್ಲ ಅಂದರೆ ಒಣ ಪಾಸ್ತಾ ಕೇಳಿ. ಅಲ್ಲೇ ಲಟ್ಟಿಸಿದ ತಾಜಾ ಪಾಸ್ತಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ.